ಸಾತೇಕಿಯ ಪಾಲಿನ ಪಥ್ಯ

ಹಾಪೈ, ಟೋಂಗಾ
ಆಗಸ್ಟ್ ೧೬, ಶನಿವಾರ

ಪ್ರೀತಿಯ ಅಕನೇಸಿ ಅಕ್ಕನಿಗೆ,

ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತಿದ್ದೆ. ಬೈದುಕೊಳ್ಳಬೇಡ, ಬೈದರೂ ಆಕ್ಲೆಂಡಿನಿಂದ ಇಲ್ಲಿಗೆ ಕೇಳಿಸುವುದಿಲ್ಲ. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಲ್ಲಿ ಅಮ್ಮನ ಮಂಡಿನೋವು ಹೇಗಿದೆ? ನನ್ನ ಸುದ್ದಿ ಬರೆಯೋಣವೆಂದರೆ ಎಲ್ಲಿಂದ ಶುರು ಮಾಡುವುದೋ ತಿಳಿಯದೆ ದಿನ ದೂಡಿದೆ.

ನಮ್ಮ ದ್ವೀಪದ ಆಸ್ಪತ್ರೆಗೆ ಹೊಸ ನರ್ಸ್ ಬಂದಿದ್ದಾಳೆ ಎಂದು ಹಿಂದೆ ಬರೆದಿದ್ದೆನಲ್ಲ? ಸಾತೇಕಿಯನ್ನು ಮದುವೆಯಾಗಿ ಆರು ವರ್ಷವಾಯಿತು, ಇನ್ನೂ ಮಕ್ಕಳಿಲ್ಲ, ಇವಳನ್ನಾದರೂ ಕೇಳೋಣ ಎಂದು ಹೋದೆ. ಹೋಗಿ ನೋಡಿದರೆ ಕಲೊಲೈನೆ! ಸಾತೇಕಿಯ ಚಿಕ್ಕಪ್ಪನ ಮಗಳು. ಅವಳು ನನ್ನನ್ನು ನೋಡಿ ನಕ್ಕಳು, ಮರುಕ್ಷಣವೇ ಅವಳ ಮುಖ ಸಪ್ಪಗಾಯಿತು. ಯಾಕೆಂದು ನಿನಗೆ ಹೇಳಬೇಕಿಲ್ಲ. ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಟೀವಿ ನೋಡುವುದೂ ನಮ್ಮಲ್ಲಿಲ್ಲ. ಇನ್ನು ಮಕ್ಕಳಾಗುವ ವಿಷಯವನ್ನು ತಂಗಿಯ ಬಾಯಿಂದ ಕೇಳುವುದಕ್ಕಿಂತ ಸಾತೇಕಿ ಸಮುದ್ರಕ್ಕೆ ಹಾರಿಯಾನು.

ಆದರೂ ಅವಳು ನನ್ನನ್ನು ಕೂರಿಸಿ ಎಲ್ಲ ಬಿಡಿಸಿ ಹೇಳಿದಳು. ದಿನಾ ನಡೆಯಬೇಕು, ತೂಕ ಇಳಿಸಬೇಕು, ಡಬ್ಬಿ ಮಾಂಸ, ಕುರಿಯ ಕೊಬ್ಬು, ಬಣ್ಣದ ಸೋಡಾ ಬಿಡಬೇಕು, ಸೊಪ್ಪು, ಮೀನು, ಹಣ್ಣು ತಿನ್ನಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು. ನಾನು ಹೂಂ ಹೂಂ ಎನ್ನುತ್ತಿದ್ದೆ. ಕೊನೆಗೆ ದನಿ ತಗ್ಗಿಸಿದಳು.

"ಲೊಸ, ನಾನು ಹೇಳಿದ್ರಲ್ಲಿ ಅರ್ಧ ನಿನಗೆ, ಅರ್ಧ ಅವನಿಗೆ. ಸಿಗರೇಟು ಬಿಡ್ಬೇಕು. ರಾತ್ರಿಯೆಲ್ಲ ಕಾವಾ ಕುಡೀತಾ ಕೂತು ಬೆಳಗ್ಗೆ ಮಲಗೋದು ನಿಲ್ಬೇಕು. ಒಂದು ಪರೀಕ್ಷೆನೂ ಮಾಡಿಸ್ಬೇಕು. ಇದನ್ನೆಲ್ಲ ನಾನು ಅವನಿಗೆ ಹೇಳೋ ಹಾಗಿಲ್ಲ. ನೀನೇ ಹೇಳು. ನನ್ನ ಹೆಸರು ಮಾತ್ರ ಎತ್ತಬೇಡ."

ಹೇಳದೆ ಬಿಟ್ಟೆನೇ? ಊಟಕ್ಕೆ ಕೂತಾಗ, ಬಲೆ ಹೆಣೆಯುವಾಗ ಹೇಳಿ ನೋಡಿದೆ. "ನಿನ್ನ ಪಥ್ಯ ನೀನು ಮಾಡು, ನನಗ್ಯಾಕೆ ಸೊಪ್ಪು?" ಎಂದು ಸಾತೇಕಿ ನನ್ನ ತಟ್ಟೆಯ ಮಾಂಸವನ್ನೂ ತನ್ನ ತಟ್ಟೆಗೆ ಎಳೆದುಕೊಂಡ. ನಾನು ಬೆಳಗಾಗೆದ್ದು ದಡದುದ್ದಕ್ಕೂ ನಡೆದೆ, ಉಡುಪು ಎರಡು ಸಲ ಬಿಗಿ ಹೊಲಿಸಿಕೊಂಡೆ. ಅವನು ಗಂಡಸರ ಕಾವಾ ಕೂಟದಿಂದ, ಆ ಬೇರಿನ ರಸದ ಮತ್ತಿನಲ್ಲಿ, ಕೋಳಿ ಕೂಗುವ ಹೊತ್ತಿಗೆ ಬಂದು, ಹೊಗೆ ವಾಸನೆ ಹೊಡೆಯುತ್ತಾ ಹಾಸಿಗೆಗೆ ಬಿದ್ದುಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು ಅಕ್ಕ.

ಕಲೊಲೈನೆಗೆ ನನ್ನ ಸಂಕಟ ನೋಡಲಾಗಲಿಲ್ಲ. ತನ್ನ ಗಂಡ ಕಿತಿಯೋನೆಯ ಕಿವಿಯಲ್ಲಿ ಹಾಕಿದಳು. ಭಾವ ಭಾವಮೈದುನರು ಏನು ಬೇಕಾದರೂ ಮಾತಾಡಿಕೊಳ್ಳಬಹುದಲ್ಲ. ಆದರೆ ಆ ಪುಣ್ಯಾತ್ಮ ಗುಟ್ಟಾಗಿ ಹೇಳುವುದನ್ನು ಬಿಟ್ಟು ಕಾವಾ ಕೂಟದಲ್ಲೇ ಬಾಯಿಬಿಟ್ಟ. ಮರುದಿನ ಅವನೇ ಬಂದು, ತಲೆ ಕೆರೆದುಕೊಳ್ಳುತ್ತಾ ನಡೆದದ್ದು ಹೇಳಿದ.

"ಸಾತೇಕಿ, ಹೀಗೇ ಹೊಗೆ ಬಿಡ್ತಾ ಇದ್ರೆ ನಿನ್ನ ಕೆರೆಯ ಮೀನೆಲ್ಲ ಸತ್ತು ಹೋಗ್ತವಂತೆ ಕಣೋ" ಎಂದನಂತೆ. ಎಲ್ಲರೂ ಬಿದ್ದುಬಿದ್ದು ನಕ್ಕರು, ಸಾತೇಕಿಯೂ ನಕ್ಕ.

"ಯಾವ ಪಂಡಿತ ಹೇಳಿದ್ದು?"

"ಪಂಡಿತ ಅಲ್ಲ, ನನ್ನ ಹೆಂಡ್ತಿ."

ನಗು ಅಲ್ಲಿಗೇ ನಿಂತಿತು. ಅಲ್ಲಿದ್ದವರೆಲ್ಲ ತಮ್ಮ ತಮ್ಮ ಕಾವಾ ಕರಟದೊಳಗೆ ಮುಖ ಇಟ್ಟರು. ಸಾತೇಕಿ ತನ್ನ ಕರಟ ಕೆಳಗಿಟ್ಟು ಎದ್ದು ಹೋದ. ಮನೆಗೆ ಬರಲಿಲ್ಲ, ನೇರ ತಾಯಿಯ ಮನೆಗೆ ಹೋದ.

ಬೆಳಗ್ಗೆ ಅತ್ತೆ ಅಂಗಳದಲ್ಲಿ ನಿಂತಿದ್ದರು. "ತಂಗಿ ಬಾಯಲ್ಲಿ ನನ್ನ ಮಗನ ಮಾನ ತೆಗೆಸಿದೆಯಲ್ಲೇ! ಬಸಿರು ನಿಲ್ಲದಿರೋದು ನಿನ್ನ ಹೊಟ್ಟೇಲಿ, ಪಥ್ಯ ಅವನಿಗಾ? ಅವನಿನ್ನು ಬರಲ್ಲ." ನನಗೂ ರೋಷ ಬಂತು. "ಅವನೇ ಬಂದು ಹೇಳಲಿ ಅತ್ತೆ" ಎಂದೆ. ಅವನು ಬರಲಿಲ್ಲ. ವಾರ ಕಳೆಯಿತು. ಚಾಪೆ ಹೆಣೆಯಲು ಹೋದರೆ ಹೆಂಗಸರು ಮಾತು ನಿಲ್ಲಿಸಿ ಸರಿದು ಜಾಗ ಕೊಡುತ್ತಿದ್ದರು. ಸಾವಿನ ಮನೆಯವಳಿಗೆ ಕೊಡುವ ಹಾಗೆ. ಅವನು ಬಿಟ್ಟೇಬಿಟ್ಟ ಎಂದು ನನಗೂ ಭಯ ಹತ್ತಿತು.

ಕೊನೆಗೆ ನಾನೇ ಹೋದೆ. ಅತ್ತೆಯ ಮನೆಯ ಬೇಲಿಯಾಚೆ ನಿಂತು, ಅಕ್ಕಪಕ್ಕದವರಿಗೆ ಕೇಳಿಸಿದರೆ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಿದೆ: "ಸಾತೇಕಿ, ಶುಕ್ರವಾರ ನುಕುಅಲೋಫಾಗೆ ಹಡಗಿದೆ. ಅಲ್ಲಿನ ದೊಡ್ಡಾಸ್ಪತ್ರೆ ಡಾಕ್ಟರು ಯಾರ ತಂಗಿಯೂ ಅಲ್ಲ. ಬರೋದಾದ್ರೆ ಬಾ. ಬರದಿದ್ರೆ ನಾನು ಅಲ್ಲಿಂದ ಹಾಗೇ ಆಕ್ಲೆಂಡಿಗೆ, ನಮ್ಮಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ." ಹೇಳಿ ಮನೆಗೆ ಬಂದು ಚೀಲ ತುಂಬಿದೆ.

ಶುಕ್ರವಾರ ಹಡಗಿನ ಕಟ್ಟೆಯಲ್ಲಿ ಚೀಲ ಹಿಡಿದು ನಿಂತೆ. ಸರಕು ಏರಿಸಿದರು, ಹಂದಿಗಳನ್ನು ಏರಿಸಿದರು, ಜನ ಹತ್ತಿದರು. ನಿನ್ನ ಮನೆಗೆ ಬರುತ್ತೇನೆ ಎಂದು ಹೇಳುವುದು ಸುಲಭ, ನಿಜವಾಗಿ ಹಡಗು ಹತ್ತುವುದು ಬೇರೆ. ಕೊನೆಗೆ ಹತ್ತಿ ಕೂತೆ. ಹಗ್ಗ ಬಿಚ್ಚುವಾಗ ಅವನು ಓಡಿ ಬಂದು ಹತ್ತಿದ. ಹೊರಗೆ ಹೋಗುವಾಗ ಮರ್ಯಾದೆಗೆ ಸೊಂಟಕ್ಕೆ ಸುತ್ತುವ ಚಾಪೆಯನ್ನು ತಲೆಕೆಳಗಾಗಿ ಕಟ್ಟಿಕೊಂಡಿದ್ದ. "ಮಾತಾಡಿಸಬೇಡ" ಎಂದು ಪಕ್ಕದಲ್ಲಿ ಕೂತ. ನಾನು ಅವನ ಚಾಪೆ ಮಾತ್ರ ಸರಿಮಾಡಿ ಕಟ್ಟಿದೆ.

ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿದರು. ಕಲೊಲೈನೆ ಹೇಳಿದ್ದನ್ನೇ ಹೇಳಿದರು, ಕೆಲವು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು. ನಂಬುತ್ತೀಯೋ ಇಲ್ಲವೋ, ಅದಾಗಿ ತಿಂಗಳಾಯಿತು, ಅಂದಿನಿಂದ ಸಾತೇಕಿ ಸಿಗರೇಟು ಮುಟ್ಟಿಲ್ಲ. ಕಾವಾಕ್ಕೆ ಹೋದರೂ ಬೇಗ ಏಳುತ್ತಾನೆ. ಸೊಪ್ಪು ತಿನ್ನುವಾಗ ಮಾತ್ರ ವಿಷ ಕೊಟ್ಟವರ ಹಾಗೆ ನೋಡುತ್ತಾನೆ. ಬೆಳಗ್ಗೆ ಇಬ್ಬರೂ ನಡೆಯಲು ಹೋಗುತ್ತೇವೆ. ಅವನು ಮುಂದೆ, ನಾನು ಬಹಳ ಹಿಂದೆ. ಯಾರಾದರೂ ಕೇಳಿದರೆ ಹಂದಿ ತಪ್ಪಿಸಿಕೊಂಡಿದೆ, ಹುಡುಕುತ್ತಿದ್ದೇನೆ ಎನ್ನುತ್ತಾನೆ. ನಮ್ಮ ಹಂದಿಗಳು ದಿನಾ ತಪ್ಪಿಸಿಕೊಳ್ಳುತ್ತವೆ ಎಂದು ಊರೆಲ್ಲ ನಗುತ್ತಿದೆ. ನನಗೆ ಖುಷಿಯಾಗಿದೆ ಅಕ್ಕ. ಅಮ್ಮನಿಗೂ ಹೀಗೇ ಹೇಳು.

ಭಾವನಿಗೆ ನನ್ನ ನಮಸ್ಕಾರ. ಮಕ್ಕಳ ತಲೆ ಮೇಲೆ ನನ್ನ ಕೈಯೆಂದುಕೊಂಡು ನಿನ್ನ ಕೈ ಇಡು. ದೇವರು ಅವರನ್ನು ತಂಪಾಗಿ ಇಟ್ಟಿರಲಿ.

ನಿನ್ನ ತಂಗಿ,
ಲೊಸಲೀನೆ

ಮ.ವಿ.: ಭಾನುವಾರ, ಮಧ್ಯಾಹ್ನ. ಅಂಟಿಸಿದ್ದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ನನ್ನಲ್ಲಿ ಯಾವ ತೊಂದರೆಯೂ ಇಲ್ಲ ಅಕ್ಕ. ಡಾಕ್ಟರು ಹೇಳಿದ್ದು, ದೌರ್ಬಲ್ಯ ಸಾತೇಕಿಯಲ್ಲಿ, ಪಥ್ಯದಿಂದ ಸರಿಹೋಗಬಹುದು. ಹಿಂದಿರುಗುವಾಗ ಹಡಗಿನಲ್ಲಿ ಅವನು ನನ್ನ ಕೈ ಹಿಡಿದುಕೊಂಡು, "ಇದು ನಮ್ಮಿಬ್ಬರಲ್ಲೇ ಇರಲಿ ಲೊಸ, ಕಲೊಲೈನೆ ಕಿವಿಗೆ ಬಿದ್ರೆ ನಾನು ತಲೆ ಎತ್ತಿ ಓಡಾಡೋದು ಹೇಗೆ?" ಎಂದು ಅತ್ತ. ನಾನು ಮಾತು ಕೊಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದುಕೊಂಡಿದ್ದೆ. ಆದರೆ ಅವನು ದೋಷ ನನ್ನದೆಂದು ತಾಯಿಗೆ ಹೇಳಿದ್ದಾನೆ, ಅತ್ತೆ ಪಾದ್ರಿಗೆ ಹೇಳಿದ್ದಾರೆ. ಇವತ್ತು ಚರ್ಚಿನಲ್ಲಿ ಪಾದ್ರಿ ನನ್ನ ಹೆಸರೆತ್ತಿ, ಈ ಬಂಜೆಯ ಗರ್ಭ ತೆರೆಯಲಿ ಎಂದು ಪ್ರಾರ್ಥಿಸಿದರು. ಊರಿಗೆ ಊರೇ ತಲೆ ತಗ್ಗಿಸಿತ್ತು. ಸಾತೇಕಿ ನನ್ನ ಪಕ್ಕದಲ್ಲೇ ನಿಂತು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದ.