ಬಾಗಿಲ ಬಳಿಯ ಸೂಟ್‌ಕೇಸು

ಸೆಪ್ಟೆಂಬರ್ 8, ಸೋಮವಾರ, ಬೆಳಿಗ್ಗೆ 6.30

ವೇದಿಕೆಯ ಮೇಲೆ ಆಸೀನರಾಗಿರುವ ಮಿಕ್ಸಿಯವರೇ, ಮುಖ್ಯ ಅತಿಥಿ ಗ್ಯಾಸ್ ಸಿಲಿಂಡರ್ ಅವರೇ, ವಿಜಯನಗರದ ಸಮಸ್ತ ಸೊಳ್ಳೆಬಾಂಧವರೇ — ಇಂದಿಗೆ ನಾಲ್ಕನೇ ದಿನ. ಬಂದಳು ನೀಮಾ, ನೆಮ್ಮದಿಗೆ ನಾಮ.

ಚಿಕ್ಕಪ್ಪನ ಮಗಳು ವತ್ಸಲಾ ಕಾಲೇಜೊಂದರಲ್ಲಿ ಕ್ಲರ್ಕು. "ಟಾಂಜಾನಿಯಾದಿಂದ ಓದೋಕೆ ಬಂದಿದಾಳೆ ಕಣೇ. ಹಾಸ್ಟೆಲ್ ರೂಮ್ ಸಿಗೋವರೆಗೂ ಇಟ್ಕೋ. ಹೇಗೂ ಒಬ್ಳೇ ಇದೀಯ" ಅಂದಳು. ಆ 'ಹೇಗೂ' ಕೇಳಿ ಮೈ ಉರಿಯಿತು. ಒಪ್ಪಿಕೊಂಡೆ.

ಹುಡುಗಿ ಸೂಟ್‌ಕೇಸು ಬಿಚ್ಚಿಲ್ಲ. ಬಾಗಿಲ ಬಳಿಯೇ ನಿಲ್ಲಿಸಿದ್ದಾಳೆ. ಹಾಸ್ಟೆಲಿನಲ್ಲಿ ಅವಳ ಊರಿನ ಗೆಳತಿ ಇದ್ದಾಳಂತೆ. ಕರೆದ ತಕ್ಷಣ ಓಡುವ ತಯಾರಿ. ಆ ಸೂಟ್‌ಕೇಸಿಗೆ ಎರಡು ಸಲ ಎಡವಿದ್ದೇನೆ. ಅವಳ ಸಿಮ್ ಇನ್ನೂ ಚಾಲೂ ಆಗಿಲ್ಲ, ಹಾಸ್ಟೆಲಿನವರಿಗೆ ನನ್ನ ನಂಬರೇ ಕೊಟ್ಟಿದೆ. ದೇವರೇ, ಬೇಗ ಫೋನ್ ಮಾಡಿಸು.

9, ಮಂಗಳವಾರ, ಸಂಜೆ

ಊರು ನೋಡುವ ಇವಳ ವಿಧಾನ: ಸಿಕ್ಕಿದ ಬಸ್ಸು ಹತ್ತು, ಕೊನೇ ಸ್ಟಾಪಿನವರೆಗೂ ಹೋಗು, ಇಳಿದು ಟೀ ಕುಡಿ, ವಾಪಸ್ಸು ಬಾ. ತನ್ನೂರು ಮ್ವಾಂಜಾದಲ್ಲೂ ಹೀಗೇ ಮಾಡುತ್ತಿದ್ದಳಂತೆ. ಬಸ್ಸು ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೂ ಊರು. ನಲವತ್ತೈದು ವರ್ಷ ಇಲ್ಲೇ ಬದುಕಿದವಳು ನಾನು, ಒಂದು ಕೊನೇ ಸ್ಟಾಪನ್ನೂ ನೋಡಿಲ್ಲ. ನನ್ನ ಸ್ಟಾಪು ಬಂದರೆ ಇಳಿಯುತ್ತೇನೆ. ಮರ್ಯಾದಸ್ಥರು ಮಾಡುವುದೇ ಹಾಗೆ.

ಕಳೆದುಹೋದರೆ ವಿಳಾಸ ಇರಲಿ ಅಂತ ನನ್ನ ಆಧಾರ್ ಜೆರಾಕ್ಸಿನ ಹಿಂದೆ ಫೋನ್ ನಂಬರು ಬರೆದು ಅವಳ ಬ್ಯಾಗಿಗೆ ಹಾಕಿದೆ. ಮಹಾ ಬುದ್ಧಿವಂತೆ ನಾನು!

11, ಗುರುವಾರ

ನನ್ನ ಹೊಲಿಗೆ ಅಂಗಡಿಯಲ್ಲಿ ಹದಿನಾಲ್ಕು ಸೀರೆ ಫಾಲ್ಸ್‌ಗೆ ಕಾದು ಕೂತಿವೆ. ಫೋನು. ಹಾಸ್ಟೆಲ್ ಅಂದುಕೊಂಡು ಹಾರಿ ಎತ್ತಿದೆ. ಕೆಂಗೇರಿ ಬಸ್ಸಿನ ಕಂಡಕ್ಟರು.

"ಮೇಡಂ, ಫ್ರೀ ಟಿಕೆಟ್‌ಗೆ ಆಧಾರ್ ತೋರ್ಸಮ್ಮ ಅಂದ್ರೆ ನಿಮ್ದು ತೋರಿಸ್ತಾವ್ರೆ. ಫೋಟೋದಲ್ಲಿರೋದು ಇವ್ರಾ, ನೀವಾ?"

"ನಾನೇ ಸಾರ್."

"ಇವ್ರ ಥರಾ ಇಲ್ವಲ್ಲ?"

"ನನ್ನ ಥರಾನೂ ಇಲ್ಲ ಸಾರ್. ಅದು ಆಧಾರ್ ಫೋಟೋ."

ನಕ್ಕ. "ಕಾಸು ಈಸ್ಕೊಂಡು ಟಿಕೆಟ್ ಕೊಡ್ತೀನಿ ಬಿಡಿ. ಬಂದು ಕರ್ಕೊಂಡ್ ಹೋಗಿ, ಇಲ್ಲಾಂದ್ರೆ ಡಿಪೋವರೆಗೂ ಬಂದ್ಬಿಡ್ತಾರೆ!"

ಅಂಗಡಿ ಮುಚ್ಚಿ, ಮೆಟ್ರೋ ಹತ್ತಿ, ಕೆಂಗೇರಿ. ಟೀ ಅಂಗಡಿ ಮುಂದೆ ನಿಂತು ಕೈ ಬೀಸಿದಳು — ಕಳೆದುಹೋದವಳು ನಾನೇ ಅನ್ನುವ ಹಾಗೆ. ಬಯ್ಯಲು ನನ್ನ ಇಂಗ್ಲಿಷ್ ಸಾಲಲಿಲ್ಲ. "ಯೂ... ವೆರಿ... ಟೂ ಮಚ್!" ಅಂದೆ.

"ಅಕ್ಕಾ, ಟೀ?" ಅಂದಳು.

ಕುಡಿದೆ. ಕೋಪಕ್ಕೆ ಬ್ರೇಕು, ಜೊತೆಗೊಂದು ಕೇಕು.

14, ಭಾನುವಾರ

ಮುದ್ದೆ ಮಾಡಿದೆ. ಹೇಳಿಕೊಡುವ ಮುಂಚೆಯೇ ತುತ್ತು ಮುರಿದು, ಹೆಬ್ಬೆರಳಿಂದ ಗುಳಿ ಮಾಡಿ ಸಾರು ತುಂಬಿಕೊಂಡಳು. ಅವರೂರಲ್ಲೂ ಮೆಕ್ಕೆಜೋಳದ ಹಿಟ್ಟಿನದು ಇದೆಯಂತೆ. "ಅಗೀಬಾರ್ದು ಕಣೇ, ನುಂಗು" ಅಂದೆ. ಅಗಿದಳು. ಅಗಿದಗಿದೇ ಎರಡು ಮುದ್ದೆ ಖಾಲಿ ಮಾಡಿದಳು. ಹೇಳಿದ್ದು ಕೇಳುವ ಜಾತಿಯೇ ಅಲ್ಲ.

"ಅಕ್ಕಾ, ಹಾಸ್ಟೆಲ್ ಫೋನ್?" ದಿನಾ ಇದೇ ಸುಪ್ರಭಾತ.

"ನೋ ಫೋನ್."

ಎಂಥಾ ಬೇಜವಾಬ್ದಾರಿ ಜನ! ಪರದೇಶದ ಹುಡುಗಿಯನ್ನು ಹೀಗೆ ಕಾಯಿಸುವುದೇ?

ಮಧ್ಯಾಹ್ನ ಇಬ್ಬರೂ ಬಸ್ಸು ಹತ್ತಿ ಕೊನೇ ಸ್ಟಾಪಿಗೆ ಹೋದೆವು. ನೋಡುವಂಥದ್ದು ಏನೂ ಇರಲಿಲ್ಲ. ಒಂದು ಹುಣಸೇಮರ, ನಾಲ್ಕು ಖಾಲಿ ಬಸ್ಸು. ಮುಂದಿನ ಭಾನುವಾರ ಬೇರೆ ನಂಬರಿನ ಬಸ್ಸು ಹತ್ತಬೇಕು.

16, ಮಂಗಳವಾರ, ಸಂಜೆ 6.10

ಇವತ್ತು ಎಡವಲಿಲ್ಲ. ಬಾಗಿಲ ಬಳಿ ಸೂಟ್‌ಕೇಸು ಇಲ್ಲ. ಬಿಚ್ಚಿ, ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ ಬಟ್ಟೆ ಜೋಡಿಸಿದ್ದಾಳೆ. ಕಣ್ಣು ಕೆಂಪಗಿತ್ತು.

"ಅಕ್ಕಾ, ಐ ಆಮ್ ಫಾರಿನರ್... ದಟ್ಸ್ ವೈ ನೋ ರೂಮ್?"

ಬಾಯಿ ತೆರೆದೆ. "ಟೀ?" ಅಂದೆ.

ಮಹಾಜನಗಳೇ... ಯಾವ ಮಹಾಜನ. ಮಿಕ್ಸಿ, ಸಿಲಿಂಡರ್. ಪ್ರಾಸವೂ ಸಾಕು.

ಫೋನ್ ಬಂದಿತ್ತು. ಶುಕ್ರವಾರ, ಹನ್ನೊಂದು ಗಂಟೆಗೆ. ರೂಮ್ ಆಗಿದೆ, ಹದಿನೇಳರೊಳಗೆ ಬರಬೇಕು, ಇಲ್ಲದಿದ್ದರೆ ಮುಂದಿನ ಹುಡುಗಿಗೆ ಕೊಡುತ್ತೇವೆ ಅಂದರು. "ಹೇಳ್ತೀನಿ ಸಾರ್" ಅಂದೆ. ಹೇಳಲಿಲ್ಲ. ಅವತ್ತು ಇಲ್ಲೂ ಬರೆಯಲಿಲ್ಲ.

ನಾಳೆ ಹದಿನೇಳು.

ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಳೆ. ನನ್ನವೂ ಸೇರಿಸಿ. ಇಳಿದು ಬಂದ ತಕ್ಷಣ ಹೇಳಬೇಕು. ಇಂಗ್ಲಿಷಿನಲ್ಲಿ ಹೇಗೆ... ಬರೆದಿಟ್ಟುಕೊಂಡೇ ಹೇಳುತ್ತೇನೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನೀಮಾ, ಫೋನ್ ಯೆಸ್. ಫ್ರೈಡೇ. ಐ —