ಹನ್ನೊಂದನೆಯ ಕಲಂ ಎಲ್ಲಿ ಹೋಯಿತು?

ಮನೆದೀಪಗಳ ದಕ್ಷತಾ ನಿಯಮಕ್ಕೆ ಕೊನೆಯ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ನಿಮ್ಮ ನಿಯಮದಲ್ಲಿ ಹತ್ತನೆಯ ಕಲಂ ಮುಗಿದ ಮೇಲೆ ಹನ್ನೆರಡನೆಯದು ಬರುತ್ತದೆ. ಹನ್ನೊಂದು ಇಲ್ಲ. ಒಂದನೇ ತರಗತಿಯ ಮಗು ಹೀಗೆ ಎಣಿಸಿದ್ದರೆ ಟೀಚರು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಎಣಿಸಿದ್ದು ನಿಮ್ಮ ಇಲಾಖೆಯಾದ್ದರಿಂದ ಅದು ಹಾಗೆಯೇ ಅಚ್ಚಾಗಿ, ಮೊಹರು ಬಿದ್ದು, ಕಾನೂನೆಂದು ಮನೆಮನೆಗೆ ಬಂತು. ಕರಡಿನಲ್ಲಿ ಇದ್ದ ಆ ಕಲಮನ್ನು ಯಾರು ತೆಗೆದರು, ಯಾರ ಮುಖ ನೋಡಿ ತೆಗೆದರು ಎಂದು ನಾನು ಏಳು ತಿಂಗಳಿಂದ ಕೇಳುತ್ತಿದ್ದೇನೆ. ಮೆಲ್ಲಗೆ ಕೇಳಿದಾಗ ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಆದ್ದರಿಂದ ಈಗ ನಾಲ್ಕು ಜನರ ಎದುರು ಕೇಳುತ್ತಿದ್ದೇನೆ.

ಹಳೆಯ ಬಲ್ಬುಗಳ ಪರವಾಗಿ ಕಣ್ಣೀರು ಹಾಕಲು ಬಂದವಳು ನಾನಲ್ಲ. ಅವು ಬೆಳಕಿಗಿಂತ ಹೆಚ್ಚಾಗಿ ಬಿಸಿಯನ್ನೇ ಕೊಡುತ್ತಿದ್ದವು. ಮೂವತ್ತು ವರ್ಷ ಅವುಗಳ ಕೆಳಗೆ ಕೂತು ಬೆವರಿದ ನನ್ನ ಹಣೆಗೆ ಅದನ್ನು ಯಾವ ತಜ್ಞರೂ ವಿವರಿಸಬೇಕಾಗಿಲ್ಲ. ವಿದ್ಯುತ್ತು ಉಳಿಯಲಿ, ಹೊಗೆ ಕಡಿಮೆಯಾಗಲಿ, ಹಳತು ಹೋಗಲಿ. ಆದರೆ ಅದರ ಜಾಗಕ್ಕೆ ಬಂದದ್ದು ಏನು ಎಂದು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಇಲ್ಲವಾದರೆ ಅದನ್ನೂ ಒಂದು ಕಲಮಿನಲ್ಲಿ ಬರೆದು ತಿಳಿಸಿ. ಹನ್ನೊಂದನೆಯ ಸಂಖ್ಯೆ ಹೇಗೂ ಖಾಲಿಯಿದೆ.

ನನ್ನ ಕಸುಬು ಕೃತಕ ಕಣ್ಣು ಮಾಡುವುದು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರು ನನ್ನ ಮುಂದಿನ ಕುರ್ಚಿಯಲ್ಲಿ ಒಂದು ಇಡೀ ದಿನ ಕೂರುತ್ತಾರೆ. ಉಳಿದಿರುವ ಕಣ್ಣನ್ನು ನೋಡಿಕೊಂಡು ಅದರ ಜೋಡಿಯನ್ನು ನಾನು ಬರೆಯುತ್ತೇನೆ. ಕಂದು ಎಂದು ನೀವು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಬಣ್ಣಕ್ಕೆ ನನಗೆ ಒಂಬತ್ತು ಬಣ್ಣ ಬೇಕು. ಬಿಳಿಭಾಗದ ರಕ್ತನಾಳಗಳಿಗೆ ಕೆಂಪು ರೇಷ್ಮೆಯ ಎಳೆಯನ್ನು ಸೀಳಿ, ಒದ್ದೆ ಮಾಡಿ, ಒಂದೊಂದಾಗಿ ಅಂಟಿಸಬೇಕು. ಕೆಲಸ ಚೆನ್ನಾಗಿ ಆದರೆ ಯಾರೂ ನನ್ನನ್ನು ಹೊಗಳುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಎರಡು ವರ್ಷದ ಹಿಂದೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಿಟಕಿಯ ಗಾಜು ಒಡೆದು ಎಡಗಣ್ಣು ಹೋಗಿತ್ತು. ಮೊದಲು ಹಾಕಿಸಿಕೊಂಡಿದ್ದ ಕಣ್ಣು ಹಳತಾಗಿ ಮಾಸಿತ್ತು. ನಾನು ಹೊಸದು ಮಾಡಿಕೊಟ್ಟೆ. ನೋಡಿಕೊಳ್ಳಲು ಕೊಟ್ಟ ಕನ್ನಡಿಯನ್ನು ಅವಳು ಬಹಳ ಹೊತ್ತು ಕೆಳಗಿಡಲೇ ಇಲ್ಲ. ಹೊರಡುವಾಗ ಹೇಳಿದಳು: "ನನ್ನ ಮಗಳಿಗೆ ಈಗ ಎರಡು ವರ್ಷ ಮೇಡಂ. ಅವಳಿಗಿನ್ನೂ ಗೊತ್ತಿಲ್ಲ. ಸ್ವಲ್ಪ ದೊಡ್ಡವಳಾಗ್ಲಿ, ಅರ್ಥ ಆಗೋ ಹಾಗೆ ನಾನೇ ಕೂತು ಹೇಳ್ತೀನಿ."

ಹೋದ ವರ್ಷ ನಿಮ್ಮ ಇಲಾಖೆಯವರು ಗೋಣಿಚೀಲ ಹಿಡಿದು ಬೀದಿಬೀದಿಗೆ ಬಂದರು. ಹಳೆಯ ಬಲ್ಬು ಕೊಡಿ, ಹೊಸದು ತಗೊಳ್ಳಿ. ಬಾಗಿಲಲ್ಲೇ ನಿಂತು ಹಳೆಯದನ್ನು ಚೀಲದೊಳಗೆ ಒಡೆಯುತ್ತಿದ್ದರು, ಮತ್ತೆ ಯಾರೂ ಬಳಸಬಾರದೆಂದು. ನನ್ನ ಕೆಲಸದ ಮೇಜಿನ ಮೇಲಿನದನ್ನೂ ಬಿಚ್ಚಿಕೊಂಡು ಹೋದರು; ಬಣ್ಣ ಹೊಂದಿಸುವುದು ಕಿಟಕಿಯ ಬೆಳಕಿನಲ್ಲಾದ್ದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಮನೆಯ ಮೂರೂ ಬಲ್ಬುಗಳು ಅದೇ ವಾರ ಬದಲಾದವು.

ಹತ್ತು ದಿನ ಕಳೆದಿರಬೇಕು. ಆ ಹೆಣ್ಣುಮಗಳು ಕೆಲಸ ಮುಗಿಸಿಕೊಂಡು ನನ್ನಲ್ಲಿಗೆ ಬಂದಳು. ಎಡಗಡೆಯ ಕೂದಲನ್ನು ಕೆನ್ನೆಯ ಮೇಲೆ ಇಳಿಬಿಟ್ಟಿದ್ದಳು.

"ಕೂತ್ಕೋಮ್ಮ, ಏನಾಯ್ತು? ನೋವಿದೆಯಾ?"

"ನೋವೇನಿಲ್ಲ ಮೇಡಂ. ಮಗಳು ನನ್ನ ಮುಖ ನೋಡ್ತಿಲ್ಲ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಸಂಜೆ ಲೈಟು ಹಾಕಿದ ಮೇಲೆ ಮಗಳು ಅವಳ ತೊಡೆಯ ಮೇಲೆ ಕೂರುವುದನ್ನು ಬಿಟ್ಟಿದ್ದಳು. ಯಾಕೆ ಪುಟ್ಟಾ ಎಂದು ಕೇಳಿದರೆ, "ಅಮ್ಮ, ನಿನ್ನ ಒಂದು ಕಣ್ಣು ಬೇರೆ ಯಾರದ್ದೋ" ಎಂದಳಂತೆ.

ನಾನು ಮೊದಲು ಅನುಮಾನಪಟ್ಟದ್ದು ನಿಮ್ಮನ್ನಲ್ಲ, ನನ್ನನ್ನೇ. ನನಗೆ ಐವತ್ತೆಂಟು. ಕೈ ಅದುರಿತೋ, ಬಣ್ಣ ಮಾಸಿತೋ ಎಂದು ಮಾರನೆಯ ಬೆಳಗ್ಗೆ ಅವಳನ್ನು ಮತ್ತೆ ಕರೆಸಿ, ಆ ಕಣ್ಣನ್ನು ತೆಗೆಸಿ ಕಿಟಕಿಯ ಬೆಳಕಿನಲ್ಲಿ ನೋಡಿದೆ. ಒಂದಿಷ್ಟೂ ಬದಲಾಗಿರಲಿಲ್ಲ. ಅಂದು ಸಂಜೆ ಅವಳ ಮನೆಗೇ ಹೋದೆ. ಎರಡು ಕೋಣೆ, ಒಂದು ಅಡುಗೆಮನೆ. ಗೂಡಿನ ತುಂಬ ಬಣ್ಣದ ಪೆನ್ಸಿಲು. ಹೊರಗಿನ ಬೆಳಕು ಇರುವವರೆಗೂ ಎಲ್ಲ ಸರಿಯಾಗಿತ್ತು. ಅವಳು ಎದ್ದು ಸ್ವಿಚ್ಚು ಒತ್ತಿದಳು. ನಾನು ಬರೆದ ಕಣ್ಣು ನನ್ನ ಎದುರೇ ಪಾಚಿಯ ಬಣ್ಣಕ್ಕೆ ತಿರುಗಿತು. ಪಕ್ಕದ ನಿಜವಾದ ಕಣ್ಣು ಕಂದಾಗಿಯೇ ಇತ್ತು. ಮಗು ಬಾಗಿಲ ಸಂದಿಯಿಂದ ನನ್ನನ್ನು ನೋಡುತ್ತಿತ್ತು. "ಅಜ್ಜಿ, ನಿಮಗೂ ಕಾಣ್ತಾ?" ಎಂದು ಕೇಳಿತು. ಕನ್ನಡಕ ಒರೆಸಿಕೊಳ್ಳುತ್ತ ಕೂತೆ.

ನನ್ನ ತಮ್ಮ ವಿದ್ಯುತ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ವಿಷಯ ಕೇಳಿ ಅವನು ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಪರೀಕ್ಷೆಗೆಂದು ಉಳಿಸಿಕೊಂಡಿದ್ದ ಹಳೆಯ ಬಲ್ಬನ್ನೂ ನೀವು ಹಂಚಿದ ಬಲ್ಬನ್ನೂ ಅಕ್ಕಪಕ್ಕ ಉರಿಸಿದ. ಎರಡರ ಕೆಳಗೂ ಒಂದೊಂದು ಟೊಮೆಟೊ ಇಟ್ಟ. ಹಳೆಯದರ ಕೆಳಗಿನದು ಟೊಮೆಟೊ. ನಿಮ್ಮದರ ಕೆಳಗಿನದು ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದ ಟೊಮೆಟೊ.

"ಅಕ್ಕ, ಇದು ಅಗ್ಗದ ಮಾಲು. ಬೆಳಕೇನೋ ಬೇಕಾದಷ್ಟಿದೆ, ಅದರಲ್ಲಿ ಕೆಂಪೇ ಸರಿಯಾಗಿಲ್ಲ. ನಿನ್ನ ಬಣ್ಣದ ಕಂದು ಬೇರೆ, ಕಣ್ಣಿನ ಕಂದು ಬೇರೆ. ಒಳ್ಳೆ ಬೆಳಕಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಇದರಲ್ಲಿ ಬಣ್ಣ ಬಯಲಾಗುತ್ತೆ."

"ಹಾಗಾದ್ರೆ ಹೊಸ ಬಲ್ಬುಗಳೆಲ್ಲ ಹೀಗೇನಾ?"

"ಯಾರು ಹೇಳಿದ್ದು?" ಎಂದು ಅವನು ಮೇಲಿನ ಗೂಡಿನಿಂದ ಇನ್ನೊಂದನ್ನು ಇಳಿಸಿದ. ಅದೂ ಹೊಸ ಬಗೆಯದೇ, ಅದೂ ಅಷ್ಟೇ ಕಡಿಮೆ ವಿದ್ಯುತ್ತಿನದು. ಅದರ ಕೆಳಗೆ ಟೊಮೆಟೊ ಮತ್ತೆ ಕೆಂಪಾಯಿತು. "ಕರಡು ನಿಯಮ ಬಂದಾಗ ಕಂಪನಿಯವ್ರು ಸ್ಯಾಂಪಲ್ ಅಂತ ಕಳಿಸಿದ್ರು, ಇದೊಂದೇ. ಆಮೇಲೆ ನಿಯಮಾನೇ ಬದಲಾಯ್ತು. ಇವರೂ ಮಾಡೋದು ನಿಲ್ಲಿಸಿದ್ರು."

ಅಂದೇ ನಾನು ಆ ಕರಡನ್ನು ಮೊದಲ ಬಾರಿ ಓದಿದ್ದು. ವರ್ತಕರಿಗೆಂದು ನೀವೇ ಕಳಿಸಿದ ಪ್ರತಿ ತಮ್ಮನ ಮೇಜಿನ ಖಾನೆಯಲ್ಲಿತ್ತು. ಹನ್ನೊಂದನೆಯ ಕಲಂ: ಮನೆಬಳಕೆಯ ಪ್ರತಿ ದೀಪವೂ ಬಣ್ಣಗಳನ್ನು ಇರುವಂತೆ ತೋರಿಸುವ ಗುಣದಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆದಿರತಕ್ಕದ್ದು, ಆ ಅಂಕವನ್ನು ಡಬ್ಬದ ಮೇಲೆ ಎಲ್ಲರಿಗೂ ಕಾಣುವಂತೆ ಮುದ್ರಿಸತಕ್ಕದ್ದು. ಎರಡೇ ಸಾಲು. ಓದುತ್ತ ನನಗೆ ಸಂತೋಷವಾಯಿತು. ಯಾರೋ ಒಬ್ಬರು, ನಿಮ್ಮ ಕಟ್ಟಡದ ಯಾವುದೋ ಕೋಣೆಯಲ್ಲಿ ಕೂತು, ಜನ ಬರೀ ಮೀಟರು ನೋಡಿಕೊಂಡು ಬದುಕುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕುತ್ತಾರೆ ಎಂದು ಯೋಚಿಸಿದ್ದರು. ಅವರು ಈಗಲೂ ಅಲ್ಲೇ ಇದ್ದಾರೆಯೇ? ಅಥವಾ ಆ ಎರಡು ಸಾಲಿನ ಜೊತೆಗೆ ಅವರನ್ನೂ ಎಲ್ಲಿಗಾದರೂ ಸಾಗಹಾಕಿದಿರೋ?

ನಿಮ್ಮ ಕಚೇರಿಗೆ ಬಂದೆ. ಮೂರನೆಯ ಮಹಡಿಯ ಗುಮಾಸ್ತರು ಕಡತದಿಂದ ತಲೆಯೆತ್ತದೆ, "ಅಚ್ಚಿನ ತಪ್ಪಮ್ಮ, ಸಂಖ್ಯೆ ಹಾರಿಹೋಗಿದೆ ಅಷ್ಟೆ" ಎಂದರು. ಕರಡನ್ನು ಮುಂದಿಟ್ಟೆ. ಓದಿದರು, ಇನ್ನೊಮ್ಮೆ ಓದಿದರು, ದನಿ ಇಳಿಸಿ, "ಇದು ನಿಮಗೆ ಎಲ್ಲಿ ಸಿಕ್ತು?" ಎಂದರು. ಸಾಹೇಬರೇ, ಅಚ್ಚಿನ ತಪ್ಪಾಗಿದ್ದರೆ ಯಾರಾದರೂ ದನಿ ಇಳಿಸುತ್ತಾರೆಯೇ? ನನ್ನ ತಲೆಗೆ ಹುಳ ಹೊಕ್ಕದ್ದು ಆ ಕ್ಷಣದಲ್ಲಿ, ಆ ಇಳಿದ ದನಿಯಿಂದ.

ಆಮೇಲೆ ಏಳು ಅರ್ಜಿ ಬರೆದೆ. ಒಂದಕ್ಕೆ ಅಂಥ ಕಲಂ ಇರಲೇ ಇಲ್ಲವೆಂದು ಉತ್ತರ ಬಂತು. ಇನ್ನೊಂದಕ್ಕೆ, ಆ ಕಲಮನ್ನು ಸೂಕ್ತ ಸಮಾಲೋಚನೆಯ ನಂತರ ಕೈಬಿಡಲಾಗಿದೆ ಎಂದು. ಇಲ್ಲದೇ ಇದ್ದುದನ್ನು ಕೈಬಿಡುವ ವಿದ್ಯೆಯನ್ನು ನಮಗೂ ಸ್ವಲ್ಪ ಕಲಿಸಿಕೊಡಬೇಕು. ಸಮಾಲೋಚನೆಯ ನಡಾವಳಿ ಕೇಳಿದರೆ ಅದು ವ್ಯಾಪಾರದ ಗುಟ್ಟು ಎಂದಿರಿ. ಆದರೆ ಆ ಉತ್ತರದ ಹಿಂದೆ, ಪಿನ್ನು ಹೊಡೆದವರ ಅವಸರದಿಂದಲೋ ಅಥವಾ ಯಾರದೋ ಒಳ್ಳೆಯತನದಿಂದಲೋ, ಹಾಜರಿ ಪಟ್ಟಿಯ ಒಂದು ಹಾಳೆ ಸೇರಿಕೊಂಡು ಬಂದಿತ್ತು. ಎರಡು ಸಭೆ. ಬಲ್ಬು ತಯಾರಕರ ಕಡೆಯಿಂದ ಆರು ಮಂದಿ. ವೈದ್ಯರು ಯಾರೂ ಇಲ್ಲ. ಬಣ್ಣದ ಕೆಲಸದವರು, ಹೊಲಿಗೆಯವರು, ಯಾರೂ ಇಲ್ಲ. 'ಬಳಕೆದಾರರ ಪ್ರತಿನಿಧಿ' ಎಂಬಲ್ಲಿ ಒಂದು ಸಹಿಯಿದೆ. ತಮ್ಮ ಅದನ್ನು ನೋಡಿ ನಕ್ಕುಬಿಟ್ಟ. "ಅಕ್ಕ, ಈ ಮನುಷ್ಯ ತಿಂಗಳಿಗೊಂದು ಸಲ ನನ್ನ ಅಂಗಡಿಗೆ ಬಲ್ಬಿನ ಆರ್ಡರು ತಗೊಳ್ಳೋಕೆ ಬರ್ತಾನೆ." ನಾನು ತಪ್ಪು ತಿಳಿದಿದ್ದರೆ ತಿದ್ದಿ. ಅವರೂ ಮನೆಯಲ್ಲಿ ದೀಪ ಹಚ್ಚುತ್ತಾರೆ, ಹಾಗಾಗಿ ಅವರೂ ಬಳಕೆದಾರರೇ ಎಂಬ ಉತ್ತರವನ್ನು ಮಾತ್ರ ದಯವಿಟ್ಟು ಕೊಡಬೇಡಿ.

ಈ ನಡುವೆ ರಾಜಕೀಯದವರಿಗೆ ನನ್ನ ವಿಳಾಸ ಸಿಕ್ಕಿತು. ನಿಯಮವನ್ನು ವಿರೋಧಿಸುವ ಪಕ್ಷದವರು ಬಂದು, ಹಳೆಯ ಬಲ್ಬು ಹಿಡಿದು ವೇದಿಕೆ ಹತ್ತಿ ಎಂದರು. ಮನೆಯೊಳಗೆ ಯಾವ ದೀಪ ಉರಿಸಬೇಕೆನ್ನುವುದು ಪ್ರಜೆಯ ಸ್ವಾತಂತ್ರ್ಯವಂತೆ. ಕರಡಿನ ಪ್ರತಿ ಕೊಟ್ಟೆ, ಅವರು ಅದನ್ನು ಮಡಿಚಿ ಬೀಸಣಿಗೆ ಮಾಡಿಕೊಂಡರು. ಮರುವಾರ ನಿಯಮವನ್ನು ಸಮರ್ಥಿಸುವ ಪಕ್ಷದ ನಮ್ಮ ಬಡಾವಣೆಯ ಸದಸ್ಯರು, ನಾನು ಹಳೆಯ ಕಂಪನಿಗಳ ಕೈಗೊಂಬೆ ಎಂದು ಸಭೆಯಲ್ಲಿ ಹೇಳಿದರು. ಬಲ್ಬು ಬೇಕೋ ಬೇಡವೋ ಎಂದು ಇಬ್ಬರೂ ಗಂಟಲು ಹರಿದುಕೊಂಡರು. ಹನ್ನೊಂದನೆಯ ಕಲಮಿನ ಬಗ್ಗೆ ಇಬ್ಬರ ಬಾಯಿಂದಲೂ ಒಂದು ಮಾತು ಬರಲಿಲ್ಲ. ಜಗಳದಲ್ಲಿ ಇಷ್ಟೊಂದು ಒಗ್ಗಟ್ಟು ಇರುವುದನ್ನು ನಾನು ಹಿಂದೆ ಕಂಡಿರಲಿಲ್ಲ.

ಅಂಚೆ ಕಚೇರಿಯ ಆ ಹೆಣ್ಣುಮಗಳ ಕತೆಗೆ ಬರುತ್ತೇನೆ, ಏಕೆಂದರೆ ಅದು ನಿಮ್ಮ ಉತ್ತರಕ್ಕಾಗಿ ಕಾಯಲಿಲ್ಲ. ತಮ್ಮನ ಸ್ಯಾಂಪಲ್ ಬಲ್ಬನ್ನು ಅವಳ ನಡುಮನೆಗೆ ಹಾಕಿದೆವು. ಅದರಿಂದ ಕಷ್ಟ ಹೆಚ್ಚಾಯಿತು. ನಡುಮನೆಯಲ್ಲಿ ಸರಿಯಾಗಿದ್ದ ಕಣ್ಣು ಅಡುಗೆಮನೆಯ ಹೊಸ್ತಿಲು ದಾಟಿದರೆ ಬದಲಾಗುತ್ತಿತ್ತು. ಮಗು ಹಿಂದೆಹಿಂದೆಯೇ ಹೋಗಿ ನೋಡುತ್ತಿತ್ತಂತೆ. ಕೊನೆಗೆ ಆ ಬಲ್ಬನ್ನು ಬಿಚ್ಚಿಟ್ಟು, ನಾನು ಎರಡನೆಯ ಕಣ್ಣೊಂದನ್ನು ಮಾಡಿದೆ, ನಿಮ್ಮ ಬಲ್ಬಿನ ಕೆಳಗೆ ಕೂತು, ಅದಕ್ಕೆ ಹೊಂದುವಂತೆ. ಹೊರಗೆ ಒಂದು, ಮನೆಯೊಳಗೆ ಇನ್ನೊಂದು. ನನ್ನ ಕಸುಬಿನಲ್ಲಿ ನಾನು ನಾಚಿಕೊಂಡು ಮಾಡಿದ ಕೆಲಸ ಅದೊಂದೇ.

ದಿನಾ ಸಂಜೆ ಅವಳು ಬಚ್ಚಲುಮನೆಗೆ ಹೋಗಿ ಕಣ್ಣು ಬದಲಿಸಿಕೊಳ್ಳುತ್ತಿದ್ದಳು. ಒಂದು ಸಂಜೆ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ತಿರುಗಿ ನೋಡಿದರೆ ಮಗು ಬಾಗಿಲಲ್ಲಿ ನಿಂತಿತ್ತು. ತಾಯಿಯ ಒಂದು ಕೈಯಲ್ಲಿ ಒಂದು ಕಣ್ಣು, ಇನ್ನೊಂದು ಕೈಯಲ್ಲಿ ಇನ್ನೊಂದು, ಮುಖದಲ್ಲಿ ಮುಚ್ಚಿಕೊಂಡ ರೆಪ್ಪೆ.

"ಅರಚುತ್ತಾಳೆ ಅಂದ್ಕೊಂಡೆ ಮೇಡಂ," ಎಂದಳು ಅವಳು ನನ್ನೆದುರು ಕೂತು. "ಅರಚಲಿಲ್ಲ. ಹತ್ರ ಬಂದು ಎರಡನ್ನೂ ನೋಡಿದ್ಲು. ಆಮೇಲೆ, 'ಹಾಗಾದ್ರೆ ನೀನು ನನ್ನನ್ನ ಯಾವುದರಲ್ಲಿ ನೋಡ್ತೀಯಾ?' ಅಂತ ಕೇಳಿದ್ಲು. ಇದರಲ್ಲಿ ಅಂತ ಬಲಗಣ್ಣು ತೋರಿಸ್ದೆ."

ಈಗ ಆ ಮಗು ಊಟಕ್ಕೆ ಕೂರುವಾಗ, ಮಲಗುವಾಗ, ಬೀದಿಯಲ್ಲಿ ನಡೆಯುವಾಗ ತಾಯಿಯ ಬಲಗಡೆಗೇ ಬರುತ್ತದೆ. ಎಡಗಡೆ ಜಾಗವಿದ್ದರೂ ಸುತ್ತಿಕೊಂಡು ಬಲಕ್ಕೆ ಬರುತ್ತದೆ. ನೋಡುವವರಿಗೆ ಮುದ್ದಾಗಿ ಕಾಣಬಹುದು. ತಾಯಿಗೆ ಹಾಗೆ ಕಾಣುವುದಿಲ್ಲ. ಮಗಳಿಗೆ ಈ ವಿಷಯ ಹೇಳುವ ದಿನವನ್ನು, ಮಾತನ್ನು, ಅವಳೇ ಆರಿಸಿಕೊಳ್ಳಬೇಕೆಂದಿದ್ದಳು. ಆ ದಿನವನ್ನು ನೀವು ಆರಿಸಿದಿರಿ. ಆರು ಮಂದಿ ತಯಾರಕರ ಜೊತೆ ಕೂತು, ಎರಡು ಸಾಲು ಹೊಡೆದುಹಾಕಿ ಆರಿಸಿದಿರಿ. ಉಳಿಸಿದ ವಿದ್ಯುತ್ತಿನ ಲೆಕ್ಕ ನಿಮ್ಮ ಫಲಕಗಳಲ್ಲಿ ದೊಡ್ಡ ಅಕ್ಷರದಲ್ಲಿದೆ. ಇದನ್ನು ಯಾವ ಫಲಕದಲ್ಲಿ ಬರೆಯುತ್ತೀರಿ?

ನಾನು ಕೇಳುವುದು ಇಷ್ಟೆ. ಆ ಎರಡು ಸಭೆಗಳ ನಡಾವಳಿಯನ್ನು, ಯಾರು ಏನೆಂದರು ಎಂಬುದರ ಸಮೇತ, ಕಚೇರಿಯ ಹೊರಗೋಡೆಗೆ ಅಂಟಿಸಿ. ತೆಗೆದ ಕಲಮನ್ನು ತಿರುಗಿ ಸೇರಿಸಿ. ತೊಂಬತ್ತು ಹೆಚ್ಚಾಯಿತು ಎನ್ನುವುದಾದರೆ ಎಷ್ಟು ಸಾಕು, ಯಾಕೆ ಸಾಕು ಎಂದು ಬಹಿರಂಗವಾಗಿ ವಾದಿಸಿ, ಕೇಳಿಸಿಕೊಳ್ಳಲು ನಾನು ಸಿದ್ಧ. ಅಂಕವನ್ನು ಡಬ್ಬದ ಮೇಲೆ ಮುದ್ರಿಸುವುದಕ್ಕೆ ಮಾತ್ರ ಯಾವ ವಾದವೂ ಬೇಡ. ಉತ್ತರ ಬರೆಯುವಾಗ 'ಪರಿಶೀಲಿಸಲಾಗುವುದು' ಎಂದು ಬರೆಯದಿರಿ, ಪರಿಶೀಲಿಸುವವರು ಯಾರೆಂದು ಬರೆಯಿರಿ. ಅವರ ಬಾಗಿಲ ಹೊರಗೆ ಬೆಂಚು ಇದ್ದರೆ ಸಾಕು, ನಾನು ಬಂದು ಕೂರುತ್ತೇನೆ. ಒಂದೇ ಭಂಗಿಯಲ್ಲಿ ಇಡೀ ದಿನ ಕೂತು ನೋಡುವುದು ನನಗೆ ಹೊಸದಲ್ಲ.

ಇಂತಿ,
ಏಳು ಅರ್ಜಿಗಳ ಮೇಲೆ ಹೆಸರು ಬರೆದು ಸಾಕಾಗಿ, ಈ ಸಲ ಕಸುಬನ್ನಷ್ಟೇ ಬರೆಯುತ್ತಿರುವ
ಒಬ್ಬ ಕಣ್ಣು ಮಾಡುವವಳು