ವಿದೇಶಿ ಸಂಬಂಧ: ಇಲ್ಲ

ಪದ್ಮನಾಭನಗರ
ಶನಿವಾರ, 14 ಜೂನ್ 2025

ಪ್ರೀತಿಯ ಸಮನ್ವಿತಾ,

ಊಟ ಮಾಡಿದ್ಯಾ ಅಂತ ಕೇಳೋ ಮುಖ ನನಗಿಲ್ಲ, ಆದರೂ ಕೇಳ್ತೀನಿ. ಮೂರು ದಿನದಿಂದ ನೀನು ಫೋನ್ ಮಾಡಿದರೂ ಎತ್ತಿಲ್ಲ. ಬಿಡುವಿರಲಿಲ್ಲ ಅಂತಲ್ಲ, ಭಯ ಆಯ್ತು.

ನಿನಗೆ ಗೊತ್ತಿರೋದೇ, ಆದರೂ ಮೊದಲಿಂದ ಹೇಳ್ತೀನಿ, ಇಲ್ಲದಿದ್ರೆ ನನಗೆ ಬಾಯಿ ಬರಲ್ಲ. ಪ್ರತಿ ಏಪ್ರಿಲ್‌ನಲ್ಲಿ ನೀವು ಮೇಷ್ಟ್ರುಗಳು ವಿಶ್ವವಿದ್ಯಾಲಯಕ್ಕೆ ಕೊಡಬೇಕಾದ ಘೋಷಣಾ ಪತ್ರ ತುಂಬೋದು ನಾನೇ. ವಿಭಾಗದ ಸೂಪರಿಂಟೆಂಡೆಂಟ್ ಅಂತ ಇರೋದೇ ಇದಕ್ಕೆ ಅನ್ನೋ ಹಾಗೆ. ಹಳೇದು ತೆಗೆದು, ಇಸವಿ ಬದಲಿಸಿ, ಮೂವತ್ತೊಂದು ಮೇಷ್ಟ್ರುಗಳಿಗೂ ಒಂದೇ ಉತ್ತರ. ವಿದೇಶದಲ್ಲಿ ಹುದ್ದೆ? ಇಲ್ಲ. ವಿದೇಶದ ನೆರವು? ಇಲ್ಲ. ಸಹಿ ಹಾಕೋ ಜಾಗಕ್ಕೊಂದು ಹಳದಿ ಚೀಟಿ. ನೀವೆಲ್ಲ ಕಾಫಿ ಕುಡೀತಾ ನಿಂತಲ್ಲೇ ಸಹಿ ಮಾಡ್ತೀರ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅದನ್ನು ಓದಿದ್ದು ನಾನು ನೋಡಿಲ್ಲ.

ಹೋದ ವರ್ಷ ನೀನೊಬ್ಬಳೇ ನನ್ನ ಮೇಜಿನ ಹತ್ತಿರ ಬಂದೆ. ಜರ್ಮನಿಯ ವಿಶ್ವವಿದ್ಯಾಲಯದವರು ಸಂದರ್ಶಕ ಪ್ರಾಧ್ಯಾಪಕಿ ಮಾಡಿದ್ದಾರೆ, ಸಂಬಳ ಇಲ್ಲ, ಮಡಿವಾಳ ಕೆರೆ ನೀರಿನ ಪರೀಕ್ಷೆಗೆ ಸಾಮಾನು ಕಳಿಸ್ತಾರೆ, ಇದನ್ನ ಬರೀಲೇಬೇಕು ಲಕ್ಷ್ಮಕ್ಕ ಅಂದು ಅವರ ಪತ್ರನೂ ಕೊಟ್ಟೆ. ಆಯ್ತು ಬಿಡಮ್ಮ, ನಾನು ನೋಡ್ಕೋತೀನಿ ಅಂದೆ. ಒಂದು ‘ಹೌದು’ ಬರೆದರೆ ಮೂರು ಹಾಳೆ ಅನುಬಂಧ, ಆಮೇಲೆ ರಿಜಿಸ್ಟ್ರಾರ್ ಕಚೇರಿಯಿಂದ ಎಲ್ಲರ ಪತ್ರಗಳ ಇಡೀ ಕಟ್ಟೇ ವಾಪಸ್. ಅವತ್ತು ಕೋಣನಕುಂಟೆಯಲ್ಲಿ ನಮ್ಮಕ್ಕನ ಮಗಳ ಸೀಮಂತ, ಬೇಗ ಹೊರಡಬೇಕಿತ್ತು. ‘ಇಲ್ಲ’ ಅಂತಲೇ ಬಿಟ್ಟೆ. ನನ್ನ ನಂಬಿ ನೀನು ಸಹಿ ಹಾಕಿದೆ. ಈ ವರ್ಷವೂ ಅದನ್ನೇ ನಕಲು ಮಾಡಿದೆ.

ಈಗ ಯಾರೋ ನಿನ್ನ ಲೇಖನದಲ್ಲಿ ಹೆಸರಿನ ಕೆಳಗೆ ಎರಡು ವಿಶ್ವವಿದ್ಯಾಲಯ ನೋಡಿ ದೂರು ಕೊಟ್ಟರು. ಬಚ್ಚಿಟ್ಟಳು ಅಂತ ನಿನ್ನನ್ನ ಅಮಾನತು ಮಾಡಿದರು. ಬುಧವಾರ ವಿಚಾರಣಾ ಸಮಿತಿಯವರು ನನ್ನ ಕರೆದು, ಅವರು ನಿಮಗೆ ಹೇಳಿದ್ರಾ, ಪತ್ರ ಏನಾದ್ರೂ ಕೊಟ್ರಾ ಅಂತ ಕೇಳಿದರು. ಹೇಳಿಲ್ಲ, ಕೊಟ್ಟಿಲ್ಲ ಅಂದೆ. ಹಾಗಂತ ಬರೆದುಕೊಟ್ಟೂ ಬಂದೆ. ನನಗಿನ್ನು ಹದಿನಾಲ್ಕು ತಿಂಗಳು ಸರ್ವೀಸ್ ಇದೆ ಕಣೆ. ನಮ್ಮನೆಯವರು ಹಾಸಿಗೆ ಹಿಡಿದು ಎರಡು ವರ್ಷ. ಪಿಂಚಣಿಗೆ ಕಲ್ಲು ಬಿದ್ದರೆ ನಾವು ಎಲ್ಲಿಗೆ ಹೋಗೋದು? ನೆಪ ಅಂತ ನೀನಂದರೂ ನನಗೆ ಬೇಜಾರಿಲ್ಲ.

ಅವತ್ತು ಸಂಜೆ ಡ್ರಾಯರ್ ತೆಗೆದರೆ ಆ ಪತ್ರ ಅಲ್ಲೇ ಇತ್ತು. ಮೂಲೆಯಲ್ಲಿ ನಿನ್ನ ಅಕ್ಷರದಲ್ಲಿ, ಲಕ್ಷ್ಮಕ್ಕನಿಗೆ ಅಂತ, ತಾರೀಖಿನ ಸಮೇತ. ಇಟ್ಟುಕೊಳ್ಳೋ ಧೈರ್ಯ ಬರಲಿಲ್ಲ. ಚೂರು ಚೂರು ಮಾಡಿ ಬಸ್ ಸ್ಟಾಪಿನ ಕಸಕ್ಕೆ ಹಾಕಿದೆ.

ಸೋಮವಾರ ಕೊನೇ ವಿಚಾರಣೆ. ನೀನು ನಿಜ ಹೇಳ್ತೀಯ, ಯಾರೂ ನಂಬಲ್ಲ. ಅವತ್ತೇ ವಜಾ ಆದೇಶ ಕೊಡ್ತಾರಂತೆ. ನಿನ್ನ ಕೈಕೆಳಗೆ ಪಿಎಚ್‌ಡಿ ಮಾಡೋ ಪ್ರಕೃತಿ ನಿನ್ನೆ ಬಂದು, ಮೇಡಂ ವಾಪಸ್ ಬರ್ತಾರಾ ಅಂತ ಅತ್ತಳು. ಬರ್ತಾರೆ ಅಂದೆ. ಅದೂ ಸುಳ್ಳೇ.

ಕ್ಷಮಿಸು ಅಂತ ಕೇಳೋಕೆ ನಾಚಿಕೆ ಆಗುತ್ತೆ.

ನಿನ್ನ,
ಲಕ್ಷ್ಮಕ್ಕ

ತಾ.ಕ.: ವಾಟ್ಸಾಪ್ ಮಾಡಿದ್ದರೆ ನಿನಗೆ ಈಗಲೇ ಸಿಗ್ತಿತ್ತು, ಅದು ನನಗೂ ಗೊತ್ತು. ಇದನ್ನ ಮಾಮೂಲಿ ಅಂಚೆಗೆ ಹಾಕ್ತಿದ್ದೀನಿ. ಜೆ.ಪಿ. ನಗರಕ್ಕೆ ಮಂಗಳವಾರಕ್ಕಿಂತ ಮುಂಚೆ ಬರಲ್ಲ ಅಂತ ಪೋಸ್ಟ್ ಆಫೀಸಿನಲ್ಲಿ ಕೇಳಿಕೊಂಡೇ ಬಂದಿದ್ದೀನಿ.